ಯುನಿಕ್ಸ್ ವ್ಯವಸ್ಥೆಯಲ್ಲಿ ಕಾಂತೀಯ ಟೇಪಿನ ದಾಖಲು ಸಾಂದ್ರತೆ: ತತ್ತ್ವ, ವಿಧಾನ ಮತ್ತು ಪರಿಣಾಮ

1. ಪೀಠಿಕೆ

ಓಲೆಗರಿಯ ಮೇಲೆ ಕಂಠದಿಂದ ಅಕ್ಷರ ಕೊರೆಯುತ್ತಿದ್ದ ಲಿಪಿಕಾರನ ಮುಂದೆ ಸದಾ ಒಂದು ಪ್ರಶ್ನೆಯಿರುತ್ತಿತ್ತು. ಗರಿಯೊಂದರಲ್ಲಿ ಎಷ್ಟು ಸಾಲುಗಳನ್ನು ತುಂಬಬಹುದು? ಸಾಲುಗಳು ಒತ್ತಾಗಿದ್ದರೆ ಗರಿಗಳು ಉಳಿಯುತ್ತವೆ, ಓದುವವನ ಕಣ್ಣು ಸೋಲುತ್ತದೆ. ವಿರಳವಾಗಿದ್ದರೆ ಓದು ಸಲೀಸು, ಆದರೆ ಕಟ್ಟು ದಪ್ಪವಾಗುತ್ತದೆ. ಬರೆಯುವವನ ಕೈಚಳಕಕ್ಕೂ ಓದುವವನ ಸಾಮರ್ಥ್ಯಕ್ಕೂ ನಡುವೆ ಏರ್ಪಡುವ ಈ ಒಪ್ಪಂದವು ಗಣಕಯಂತ್ರದ ಕಾಲದಲ್ಲಿಯೂ ಮಾಯವಾಗಲಿಲ್ಲ. ಕಾಂತೀಯ ಟೇಪಿನ ಮೇಲೆ ದತ್ತಾಂಶವನ್ನು ಒಂದು ಅಂಗುಲಕ್ಕೆ ಎಷ್ಟು ಒತ್ತಾಗಿ ಬರೆಯಬೇಕೆಂಬ ಪ್ರಶ್ನೆಯ ರೂಪದಲ್ಲಿ ಅದು ಮತ್ತೆ ತಲೆಯೆತ್ತಿತು. ಈ ಒತ್ತುವಿಕೆಯ ಪ್ರಮಾಣವನ್ನೇ ದಾಖಲು ಸಾಂದ್ರತೆ ಎಂದು ಕರೆಯಲಾಗುತ್ತದೆ.

ಈ ಪ್ರಶ್ನೆ ಕೇವಲ ತಾಂತ್ರಿಕ ಕುತೂಹಲದ್ದಲ್ಲ. 2025ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಉಗ್ರಾಣವೊಂದರಲ್ಲಿ ಹಳೆಯ ಒಂಬತ್ತು ಪಥಗಳ ಟೇಪ್ ಸುರುಳಿಯೊಂದು ದೊರೆಯಿತು. ಬೆಲ್ ಪ್ರಯೋಗಾಲಯದಿಂದ ಬಂದ ಯುನಿಕ್ಸ್ ನಾಲ್ಕನೆಯ ಆವೃತ್ತಿ ಎಂದು ಅದರ ಚೀಟಿಯ ಮೇಲೆ ಕೈಬರಹದಲ್ಲಿ ನಮೂದಾಗಿತ್ತು. ಬರಹದ ರೂಪಕ್ಕಾಗಿ ಕೈಪಿಡಿಯನ್ನು ನೋಡಬೇಕೆಂಬ ಸೂಚನೆಯೂ ಅಲ್ಲಿಯೇ ಇತ್ತು. 1973ರ ಆ ಆವೃತ್ತಿಯ ಪೂರ್ಣ ಪ್ರತಿಯು ಕಳೆದುಹೋಗಿದೆಯೆಂದೇ ಅದುವರೆಗೆ ಭಾವಿಸಲಾಗಿತ್ತು. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ನಗರದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಅದನ್ನು ಯಶಸ್ವಿಯಾಗಿ ಓದಲಾಯಿತು. ಅರ್ಧ ಶತಮಾನದ ಬಳಿಕವೂ ಸುರುಳಿಯ ಒಳಗಿನ ಬರಹ ಉಳಿದುಬಂದಿತೆಂಬುದು ಭಾಗ್ಯದ ಮಾತು. ಆದರೆ ಆ ಬರಹವು ಯಾವ ಕ್ರಮದಲ್ಲಿ, ಯಾವ ಸಾಂದ್ರತೆಯಲ್ಲಿ ಆಗಿದೆಯೆಂದು ತಿಳಿಯದೆ ಯಾವ ಭಾಗ್ಯವೂ ಫಲಿಸುವುದಿಲ್ಲ. ಯುನಿಕ್ಸ್ ವ್ಯವಸ್ಥೆಯು ಟೇಪಿನ ಸಾಂದ್ರತೆಯನ್ನು ಹೇಗೆ ನಿರ್ಧರಿಸುತ್ತದೆ, ಆ ನಿರ್ಧಾರದಲ್ಲಿ ನಿರ್ವಾಹಕನ ಪಾಲು ಎಷ್ಟು, ಅದು ತಪ್ಪಿದರೆ ಆಗುವ ಹಾನಿಯೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಸಾಂದ್ರತೆಯ ಭೌತಿಕ ನೆಲೆ

ಗಣಕಯಂತ್ರದ ಕಾಂತೀಯ ಟೇಪಿನ ವಾಣಿಜ್ಯ ಬಳಕೆ 1950ರ ದಶಕದ ಆರಂಭದಲ್ಲಿ ಮೊದಲಾಯಿತು. 1952ರಲ್ಲಿ ಪ್ರಕಟವಾದ ಐಬಿಎಂ 726 ಯಂತ್ರವು ಅರ್ಧ ಅಂಗುಲ ಅಗಲದ ಟೇಪಿನ ಮೇಲೆ ಏಳು ಪಥಗಳಲ್ಲಿ ಅಂಗುಲಕ್ಕೆ 100 ಸಂಕೇತಗಳಂತೆ ಬರೆಯುತ್ತಿತ್ತು. 1964ರಲ್ಲಿ ಸಿಸ್ಟಂ 360 ಸರಣಿಯೊಂದಿಗೆ ಒಂಬತ್ತು ಪಥಗಳ ಟೇಪು ಬಳಕೆಗೆ ಬಂದಿತು. ಎಂಟು ಪಥಗಳಲ್ಲಿ ಒಂದು ಬೈಟಿನ ಎಂಟು ಬಿಟ್‌ಗಳು, ಒಂಬತ್ತನೆಯದರಲ್ಲಿ ತಪ್ಪು ಪತ್ತೆಗಾಗಿ ಸಮತ್ವದ ಬಿಟ್. ಹೀಗೆ ಟೇಪಿನ ಅಗಲದಲ್ಲಿ ಒಂದು ಅಡ್ಡಸಾಲು ಒಂದು ಬೈಟಿಗೆ ಸಮನಾಯಿತು. ಆದುದರಿಂದ ಅಂಗುಲಕ್ಕೆ 1600 ಬಿಟ್ ಎಂಬ ರೂಢಿಯ ಮಾತು ಒಂದು ಪಥದ ಲೆಕ್ಕವಾಗಿದ್ದು, ಇಡೀ ಟೇಪಿನ ಲೆಕ್ಕದಲ್ಲಿ ಅಂಗುಲಕ್ಕೆ 1600 ಬೈಟ್ ಎಂದೇ ಅರ್ಥ. ಈ ಒಂದು ಅಂಶವನ್ನು ಮರೆತು ಎಂಟರಿಂದ ಭಾಗಿಸಿದವರು ಸುರುಳಿಯ ಸಾಮರ್ಥ್ಯವನ್ನು ಎಂಟನೆಯ ಒಂದಕ್ಕೆ ಇಳಿಸಿದ ನಿದರ್ಶನಗಳು ವಿರಳವಲ್ಲ.

ಒಂಬತ್ತು ಪಥಗಳ ಟೇಪಿನಲ್ಲಿ ಮೂರು ಸಾಂದ್ರತೆಗಳು ನೆಲೆಯೂರಿದವು: 800, 1600 ಮತ್ತು 6250. ಇವುಗಳ ನಡುವಿನ ವ್ಯತ್ಯಾಸ ಬರಿಯ ಒತ್ತುವಿಕೆಯದಲ್ಲ, ಬರೆಯುವ ಸಂಕೇತಪದ್ಧತಿಯದೇ ಆಗಿದೆ ಎಂಬುದು ಗಮನಾರ್ಹ. 800ರ ಪದ್ಧತಿಯಲ್ಲಿ ಒಂದು ಎಂಬ ಬಿಟ್ಟಿಗೆ ಕಾಂತತ್ವದ ದಿಕ್ಕು ಬದಲಾಗುತ್ತದೆ, ಸೊನ್ನೆಗೆ ಬದಲಾಗುವುದಿಲ್ಲ. ಸಮತ್ವದ ಬಿಟ್ಟನ್ನು ಬೆಸಸಂಖ್ಯೆಗೆ ಹೊಂದಿಸಿರುವುದರಿಂದ ಪ್ರತಿ ಅಡ್ಡಸಾಲಿನಲ್ಲಿ ಕನಿಷ್ಠ ಒಂದು ಬದಲಾವಣೆಯಾದರೂ ಇರುತ್ತದೆ. ಅದನ್ನೇ ಹಿಡಿದು ಯಂತ್ರವು ಸಾಲನ್ನು ಗುರುತಿಸುತ್ತದೆ. ಇದರ ದೌರ್ಬಲ್ಯವೂ ಅಲ್ಲಿಯೇ ಇದೆ. ಟೇಪು ಹೆಡ್ಡಿನ ಮೇಲೆ ಕೂದಲೆಳೆಯಷ್ಟು ಓರೆಯಾಗಿ ಚಲಿಸಿದರೂ ಒಂಬತ್ತು ಪಥಗಳ ಬಿಟ್‌ಗಳು ಏಕಕಾಲಕ್ಕೆ ಬರುವುದಿಲ್ಲ. ಸಾಂದ್ರತೆ ಹೆಚ್ಚಿದಂತೆ ಈ ಓರೆಯು ಪಕ್ಕದ ಸಾಲಿನೊಳಕ್ಕೆ ಚಾಚುತ್ತದೆ.

1600ರ ಪದ್ಧತಿ ಈ ತೊಡಕನ್ನು ನಿವಾರಿಸಿತು. ಅದರಲ್ಲಿ ಪ್ರತಿ ಬಿಟ್ಟಿನ ನಡುವೆಯೂ ಒಂದು ಬದಲಾವಣೆಯಿದ್ದು, ಆ ಬದಲಾವಣೆಯ ದಿಕ್ಕೇ ಒಂದು ಅಥವಾ ಸೊನ್ನೆಯನ್ನು ತಿಳಿಸುತ್ತದೆ. ಪ್ರತಿಯೊಂದು ಪಥವೂ ತನ್ನ ಕಾಲಗಣನೆಯನ್ನು ತಾನೇ ಹೊತ್ತು ತರುವುದರಿಂದ ಪಥಗಳ ಓರೆಯನ್ನು ಯಂತ್ರದ ಒಳಗೆ ಸರಿಪಡಿಸಬಹುದು. 1973ರಲ್ಲಿ ಐಬಿಎಂ 3420 ವರ್ಗದ ಯಂತ್ರಗಳೊಡನೆ ಬಂದ 6250ರ ಪದ್ಧತಿ ಇನ್ನೂ ಮುಂದೆ ಹೋಯಿತು. ಅದರಲ್ಲಿ ನಾಲ್ಕು ಬಿಟ್‌ಗಳ ಪ್ರತಿ ಗುಂಪಿಗೆ ಬದಲಾಗಿ ಐದು ಬಿಟ್‌ಗಳ ವಿನ್ಯಾಸವೊಂದನ್ನು ಬರೆಯಲಾಗುತ್ತದೆ. ಎರಡಕ್ಕಿಂತ ಹೆಚ್ಚು ಸೊನ್ನೆಗಳು ಒಟ್ಟಿಗೆ ಬಾರದಂತೆ ಈ ವಿನ್ಯಾಸಗಳನ್ನು ಆರಿಸಲಾಗಿದೆ. ಜೊತೆಗೆ ಏಳು ಬೈಟ್‌ಗಳಿಗೊಂದು ದೋಷನಿವಾರಕ ಬೈಟ್ ಸೇರುತ್ತದೆ. ಬಳಕೆದಾರನ ಲೆಕ್ಕದ 6250 ಬೈಟ್‌ಗಳಿಗೆ ಟೇಪಿನ ಮೇಲೆ ಅಂಗುಲಕ್ಕೆ 9042 ಕಾಂತೀಯ ಬದಲಾವಣೆಗಳು ತಗಲುವುದಕ್ಕೆ ಇದೇ ಕಾರಣ.

ಹೀಗಾಗಿ ಒಂದು ಸಾಂದ್ರತೆಯಲ್ಲಿ ಬರೆದುದನ್ನು ಮತ್ತೊಂದರಲ್ಲಿ ಓದುವುದೆಂದರೆ ಸಣ್ಣಕ್ಷರವನ್ನು ದೊಡ್ಡಕ್ಷರವೆಂದು ಓದಿದಂತಲ್ಲ. ಒಂದು ಲಿಪಿಯನ್ನು ಮತ್ತೊಂದು ಲಿಪಿಯೆಂದು ಓದಿದಂತೆ. ಯಂತ್ರಕ್ಕೆ ದೊರೆಯುವುದು ಸಮತ್ವದ ತಪ್ಪುಗಳ ಸರಮಾಲೆಯೇ ಹೊರತು ದತ್ತಾಂಶವಲ್ಲ. ಈ ಗೊಂದಲವನ್ನು ತಪ್ಪಿಸಲು 1600 ಮತ್ತು 6250ರ ಟೇಪುಗಳ ಆರಂಭಬಿಂದುವಿನಲ್ಲಿಯೇ ಗುರುತಿನ ಸಂಜ್ಞೆಯೊಂದನ್ನು ಬರೆಯುವ ಪದ್ಧತಿ ಬಂದಿತು. 800ರ ಟೇಪಿಗೆ ಅಂಥ ಸಂಜ್ಞೆಯಿಲ್ಲ. ಸಂಜ್ಞೆ ಇಲ್ಲದಿರುವುದೇ ಅದರ ಗುರುತು. ಗುರುತು ಆರಂಭದಲ್ಲಿ ಮಾತ್ರ ಇರುವುದರಿಂದ ಸಾಂದ್ರತೆಯನ್ನು ಟೇಪಿನ ತಲೆಯಲ್ಲಿ ಮಾತ್ರ ನಿರ್ಧರಿಸಲು ಸಾಧ್ಯ. ನಡುವೆ ಬದಲಿಸುವಂತಿಲ್ಲ. ಈ ನಿಯಮವು ಮುಂದೆ ಬಂದ ಬಹುಪಾಲು ಟೇಪುಗಳಿಗೂ ಅನ್ವಯಿಸಿತು.

3. ಸಾಂದ್ರತೆ ಮತ್ತು ಬ್ಲಾಕಿನ ಗಾತ್ರ

ಸಾಂದ್ರತೆ ಹೆಚ್ಚಿಸಿದ ಮಾತ್ರಕ್ಕೆ ಟೇಪಿನಲ್ಲಿ ಹೆಚ್ಚು ದತ್ತಾಂಶ ಹಿಡಿಸುತ್ತದೆಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಅರ್ಧಸತ್ಯ. ಟೇಪಿನ ಮೇಲೆ ದತ್ತಾಂಶವು ಬ್ಲಾಕುಗಳಾಗಿ ಕೂರುತ್ತದೆ. ಯಂತ್ರವು ನಿಂತು ಮತ್ತೆ ಹೊರಡಲು ಎಡೆ ಬೇಕಾದುದರಿಂದ ಎರಡು ಬ್ಲಾಕುಗಳ ನಡುವೆ ಖಾಲಿ ಜಾಗ ಬಿಡಬೇಕಾಗುತ್ತದೆ. 800 ಮತ್ತು 1600ರಲ್ಲಿ ಈ ಅಂತರ 0.6 ಅಂಗುಲ, 6250ರಲ್ಲಿ 0.3 ಅಂಗುಲ.

2400 ಅಡಿ ಉದ್ದದ ಸುರುಳಿಯೊಂದನ್ನು ತೆಗೆದುಕೊಂಡರೆ ಅದರ ಉದ್ದ 28,800 ಅಂಗುಲ. ಅಂತರವೇ ಇಲ್ಲವೆಂದು ಭಾವಿಸಿದರೆ 1600ರಲ್ಲಿ 4 ಕೋಟಿ 60 ಲಕ್ಷ ಬೈಟ್, 6250ರಲ್ಲಿ 18 ಕೋಟಿ ಬೈಟ್ ಹಿಡಿಯಬೇಕು. ಆದರೆ 512 ಬೈಟ್‌ಗಳ ಚಿಕ್ಕ ಬ್ಲಾಕುಗಳಲ್ಲಿ 1600ರ ಸಾಂದ್ರತೆಯಲ್ಲಿ ಬರೆದರೆ ಪ್ರತಿ ಬ್ಲಾಕು 0.32 ಅಂಗುಲ, ಅದರ ಹಿಂದಿನ ಖಾಲಿ ಜಾಗ 0.6 ಅಂಗುಲ. ಬರಹಕ್ಕಿಂತ ಖಾಲಿಯೇ ಹೆಚ್ಚು. ಇಡೀ ಸುರುಳಿಯಲ್ಲಿ ಸುಮಾರು 1 ಕೋಟಿ 60 ಲಕ್ಷ ಬೈಟ್‌ಗಳಷ್ಟೇ ಹಿಡಿಯುತ್ತವೆ. ಯುನಿಕ್ಸಿನ ಟಾರ್ ಆದೇಶವು 512 ಬೈಟ್‌ಗಳ 20 ತುಣುಕುಗಳನ್ನು ಒಟ್ಟುಗೂಡಿಸಿ 10,240 ಬೈಟ್‌ಗಳ ಬ್ಲಾಕು ಮಾಡುತ್ತದೆ. ಆಗ ಬ್ಲಾಕಿನ ಉದ್ದ 6.4 ಅಂಗುಲ, ಅಂತರ ಸೇರಿ 7 ಅಂಗುಲ; ಸುರುಳಿಯ ಸಾಮರ್ಥ್ಯ ಸುಮಾರು 4 ಕೋಟಿ 20 ಲಕ್ಷ ಬೈಟ್‌ಗಳಿಗೆ ಏರುತ್ತದೆ.

ಇದೇ ಲೆಕ್ಕವನ್ನು 6250ಕ್ಕೆ ಹಾಕಿದರೆ 10,240 ಬೈಟ್‌ಗಳ ಬ್ಲಾಕಿನಲ್ಲಿ ಸುಮಾರು 15 ಕೋಟಿ 20 ಲಕ್ಷ ಬೈಟ್, 512 ಬೈಟ್‌ಗಳ ಬ್ಲಾಕಿನಲ್ಲಿ ಸುಮಾರು 3 ಕೋಟಿ 86 ಲಕ್ಷ ಬೈಟ್ ದೊರೆಯುತ್ತದೆ. ಅಂದರೆ 6250ರಲ್ಲಿ ಚಿಕ್ಕ ಬ್ಲಾಕು ಬರೆದವನಿಗಿಂತ 1600ರಲ್ಲಿ ದೊಡ್ಡ ಬ್ಲಾಕು ಬರೆದವನೇ ಟೇಪನ್ನು ಹೆಚ್ಚು ಚೆನ್ನಾಗಿ ಬಳಸಿಕೊಂಡಂತಾಯಿತು. ಸಾಂದ್ರತೆ ಮತ್ತು ಬ್ಲಾಕಿನ ಗಾತ್ರ ಇವೆರಡನ್ನೂ ಒಟ್ಟಿಗೆ ಯೋಚಿಸಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

4. ಹೆಸರಿನಲ್ಲಿಯೇ ಅಡಗಿದ ಸಾಂದ್ರತೆ

ಉಪಕರಣಗಳನ್ನೂ ಕಡತಗಳಂತೆಯೇ ಕಾಣುವುದು ಯುನಿಕ್ಸಿನ ಮೂಲಭೂತ ನಿಲುವು. ಕಡತಕ್ಕೆ ಬರೆಯುವ ಆದೇಶದಿಂದಲೇ ಟೇಪಿಗೂ ಬರೆಯಬಹುದು. ಆದರೆ ಸಾಮಾನ್ಯ ಕಡತಕ್ಕೆ ಸಾಂದ್ರತೆ ಎಂಬುದೇ ಇಲ್ಲ. ಬರೆಯುವ ಆದೇಶದಲ್ಲಿ ಅದನ್ನು ಹೇಳಲು ಸ್ಥಳವೂ ಇಲ್ಲ. ಹಾಗಾದರೆ ಬಳಕೆದಾರನು ತನ್ನ ಆಯ್ಕೆಯನ್ನು ತಿಳಿಸುವ ಬಗೆ ಹೇಗೆ? ಯುನಿಕ್ಸ್ ಇದಕ್ಕೆ ಕಂಡುಕೊಂಡ ಉತ್ತರ ಸರಳವಾಗಿದೆ. ಒಂದೇ ಯಂತ್ರಕ್ಕೆ ಹಲವು ಹೆಸರುಗಳನ್ನು ಕೊಟ್ಟು, ಪ್ರತಿ ಹೆಸರಿಗೂ ಒಂದೊಂದು ನಡವಳಿಕೆಯನ್ನು ಕಟ್ಟಿಕೊಡಲಾಯಿತು.

ಪ್ರತಿ ಉಪಕರಣ ಕಡತಕ್ಕೂ ಎರಡು ಸಂಖ್ಯೆಗಳಿರುತ್ತವೆ. ಮೇಜರ್ ಸಂಖ್ಯೆ ಯಾವ ಚಾಲಕ ತಂತ್ರಾಂಶವನ್ನು ಕರೆಯಬೇಕೆಂದು ತಿಳಿಸುತ್ತದೆ. ಮೈನರ್ ಸಂಖ್ಯೆಯನ್ನು ಆ ಚಾಲಕವೇ ತನಗೆ ಬೇಕಾದಂತೆ ಅರ್ಥೈಸಿಕೊಳ್ಳುತ್ತದೆ. ಬರ್ಕ್‌ಲಿ ವಿಶ್ವವಿದ್ಯಾಲಯದ ಬಿಎಸ್‌ಡಿ ಯುನಿಕ್ಸಿನಲ್ಲಿ ಮೈನರ್ ಸಂಖ್ಯೆಯ ಕೊನೆಯ ಎರಡು ಬಿಟ್‌ಗಳು ಯಂತ್ರದ ಕ್ರಮಾಂಕವನ್ನು ಸೂಚಿಸುತ್ತಿದ್ದವು. ಅದಕ್ಕೆ 4 ಸೇರಿಸಿದರೆ ಕೆಲಸ ಮುಗಿದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತಬೇಡವೆಂದು ಅರ್ಥ; 8 ಸೇರಿಸಿದರೆ 1600ರ ಸಾಂದ್ರತೆ; 16 ಸೇರಿಸಿದರೆ 6250ರ ಸಾಂದ್ರತೆ; ಏನನ್ನೂ ಸೇರಿಸದಿದ್ದರೆ 800.

ಹೊಸಬರಿಗೆ ಒಗಟಿನಂತೆ ತೋರುವ ಕೆಲವು ಹೆಸರುಗಳ ಗುಟ್ಟು ಇಲ್ಲಿ ಬಯಲಾಗುತ್ತದೆ. ಬಿಎಸ್‌ಡಿಯ ಟಾರ್ ಆದೇಶವು ಬೇರೆ ಹೆಸರು ಹೇಳದಿದ್ದರೆ ಆರ್‌ಎಂಟಿ8 ಎಂಬ ಕಡತಕ್ಕೆ ಬರೆಯುತ್ತಿತ್ತು. ಎಂಟನೆಯ ಯಂತ್ರವೆಂದು ಇದರ ಅರ್ಥವಲ್ಲ. ಸೊನ್ನೆಯ ಕ್ರಮಾಂಕದ ಯಂತ್ರ, 1600ರ ಸಾಂದ್ರತೆ ಎಂದು ಅರ್ಥ. ಟೇಪನ್ನು ಮುಂದೆ ಹಿಂದೆ ಸರಿಸುವ ಎಂಟಿ ಆದೇಶದ ರೂಢಿಯ ಕಡತ ಆರ್‌ಎಂಟಿ12. ಸೊನ್ನೆ, ನಾಲ್ಕು, ಎಂಟು ಇವುಗಳ ಮೊತ್ತ ಹನ್ನೆರಡು: ಅದೇ ಯಂತ್ರ, ಅದೇ ಸಾಂದ್ರತೆ, ಆದರೆ ಹಿಂದಕ್ಕೆ ಸುತ್ತದ ರೂಪ. ಟೇಪನ್ನು ಒಂದು ಸ್ಥಾನಕ್ಕೆ ಸರಿಸಿದ ಕೂಡಲೇ ಅದು ತಾನಾಗಿ ಹಿಂದಕ್ಕೆ ಸುತ್ತಿಕೊಂಡರೆ ಸರಿಸಿದ ಪ್ರಯೋಜನವೇನು? ಆದುದರಿಂದಲೇ ಈ ಆಯ್ಕೆ.

ಸಾಂದ್ರತೆಯೂ ಸುತ್ತುವಿಕೆಯೂ ಒಂದೇ ಹೆಸರಿನಲ್ಲಿ ಅಡಗಿರುವುದರಿಂದ ಒಂದನ್ನು ಬದಲಿಸಹೊರಟವರು ಇನ್ನೊಂದನ್ನು ಅರಿಯದೆ ಬದಲಿಸುವ ಅಪಾಯವಿತ್ತು. 12ಕ್ಕೆ ಬದಲಾಗಿ 8 ಎಂದು ಬರೆದು ಎರಡು ದಾಖಲೆಗಳನ್ನು ಒಂದರ ಹಿಂದೆ ಒಂದರಂತೆ ಟೇಪಿಗೆ ಕಳುಹಿಸಿದರೆ, ಮೊದಲನೆಯದು ಮುಗಿದೊಡನೆ ಟೇಪು ತಲೆಗೆ ಮರಳುತ್ತದೆ, ಎರಡನೆಯದು ಮೊದಲನೆಯದರ ಮೇಲೆಯೇ ಅಚ್ಚಾಗುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ. ಯಂತ್ರವು ಹೇಳಿದುದನ್ನೇ ಮಾಡಿರುತ್ತದೆ.

ಸನ್ ಸಂಸ್ಥೆಯ ಸೊಲಾರಿಸ್ ವ್ಯವಸ್ಥೆಯಲ್ಲಿ ಈ ಅಂಕಗಣಿತವು ಮರೆಗೆ ಸರಿದು ಅಕ್ಷರಗಳು ಬಂದವು. ಡೆವ್ ಕೋಶದೊಳಗಿನ ಆರ್‌ಎಂಟಿ ಎಂಬ ಉಪಕೋಶದಲ್ಲಿ ಯಂತ್ರದ ಕ್ರಮಾಂಕದ ಮುಂದೆ ಎಲ್ ಎಂದಿದ್ದರೆ ಕಡಿಮೆ ಸಾಂದ್ರತೆ, ಎಂ ಎಂದಿದ್ದರೆ ಮಧ್ಯಮ, ಎಚ್ ಎಂದರೆ ಹೆಚ್ಚು, ಯು ಎಂದರೆ ಅತಿ ಹೆಚ್ಚು. ಸಿ ಎಂಬುದು ಸಂಕುಚಿತ ಬರಹವನ್ನು ಸೂಚಿಸುತ್ತದೆ. ಕೊನೆಯಲ್ಲಿ ಎನ್ ಇದ್ದರೆ ಹಿಂದಕ್ಕೆ ಸುತ್ತುವುದಿಲ್ಲ. ಯಾವ ಅಕ್ಷರವೂ ಇಲ್ಲದಿದ್ದರೆ ಆ ಯಂತ್ರಕ್ಕೆ ನಿಗದಿಪಡಿಸಿದ ರೂಢಿಯ ಸಾಂದ್ರತೆ ಜಾರಿಗೆ ಬರುತ್ತದೆ. ಐಬಿಎಂನ ಎಐಎಕ್ಸ್ ವ್ಯವಸ್ಥೆಯು ಹೆಸರಿನ ಮುಂದೆ ಚುಕ್ಕೆಯಿಟ್ಟು ಅಂಕಿ ಬರೆಯುವ ಕ್ರಮವನ್ನು ಅನುಸರಿಸಿತು: 0ಯಿಂದ 3ರವರೆಗೆ ಮೊದಲನೆಯ ಸಾಂದ್ರತೆ, 4ರಿಂದ 7ರವರೆಗೆ ಎರಡನೆಯದು. ಆ ಎರಡು ಸಾಂದ್ರತೆಗಳು ಯಾವುವೆಂಬುದನ್ನು ನಿರ್ವಾಹಕನು ಯಂತ್ರದ ಗುಣಲಕ್ಷಣಗಳಾಗಿ ಮೊದಲೇ ಗೊತ್ತುಪಡಿಸಬೇಕು.

5. ಸ್ಕಸಿ ಸಂಕೇತಗಳು

1980ರ ದಶಕದಲ್ಲಿ ಟೇಪ್ ಯಂತ್ರಗಳ ಬಗೆಗಳು ಬೆಳೆದವು. ಕಾಲು ಅಂಗುಲದ ಕಾರ್ಟ್ರಿಜ್, 8 ಮಿಲಿಮೀಟರ್ ಟೇಪು, 4 ಮಿಲಿಮೀಟರ್ ಡಿಡಿಎಸ್ ಟೇಪು, ಡಿಎಲ್‌ಟಿ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಬರಹದ ರೂಪಗಳಿದ್ದವು. ಅವೆಲ್ಲವನ್ನೂ ಗಣಕಕ್ಕೆ ಜೋಡಿಸಲು ಸ್ಕಸಿ ಎಂಬ ಸಾಮಾನ್ಯ ಮಾನಕವು 1986ರಲ್ಲಿ ರೂಪುಗೊಂಡಿತು. ಪ್ರತಿ ಬರಹದ ರೂಪಕ್ಕೂ ಒಂದು ಬೈಟಿನ ಸಂಕೇತಸಂಖ್ಯೆ ಗೊತ್ತಾಯಿತು. ಇವುಗಳನ್ನು ಷೋಡಶಮಾನ ಪದ್ಧತಿಯಲ್ಲಿ ಬರೆಯುವುದು ವಾಡಿಕೆ. ಆ ಪದ್ಧತಿಯಲ್ಲಿ 01 ಎಂದರೆ 800, 02 ಎಂದರೆ 1600, 03 ಎಂದರೆ 6250. ಡಿಡಿಎಸ್‌ನ ಮೊದಲ ಪೀಳಿಗೆಗೆ 13, ಎರಡನೆಯದಕ್ಕೆ 24, ಮೂರನೆಯದಕ್ಕೆ 25, ನಾಲ್ಕನೆಯದಕ್ಕೆ 26. ಎಕ್ಸಾಬೈಟ್ 8200 ಯಂತ್ರದ ರೂಪಕ್ಕೆ 14, 8500ರ ರೂಪಕ್ಕೆ 15. ಸೊನ್ನೆ ಎಂಬುದು ಯಂತ್ರದ ಸ್ವಂತ ರೂಢಿಗೆ ಬಿಟ್ಟ ಮಾತು.

ಚಾಲಕ ತಂತ್ರಾಂಶವು ಬರಹಕ್ಕೆ ಮೊದಲು ಯಂತ್ರಕ್ಕೆ ಈ ಸಂಕೇತವನ್ನು ಕಳುಹಿಸುತ್ತದೆ. ಯಂತ್ರವು ಅದನ್ನು ಒಪ್ಪಬಹುದು ಅಥವಾ ತಿರಸ್ಕರಿಸಬಹುದು. ಇಲ್ಲಿ ಸಾಂದ್ರತೆ ಎಂಬ ಪದದ ಅರ್ಥವೇ ಹಿಗ್ಗಿತು ಎನ್ನಬೇಕು. ಅಂಗುಲಕ್ಕೆ ಇಷ್ಟು ಎಂಬ ಅಳತೆಯಾಗಿದ್ದುದು ಪಥಗಳ ಸಂಖ್ಯೆ, ಹೆಡ್ಡಿನ ಚಲನೆ, ಕೆಲವೆಡೆ ಸಂಕೋಚನವನ್ನೂ ಒಳಗೊಂಡ ಒಂದು ರೂಪದ ಹೆಸರಾಯಿತು.

ಎಕ್ಸಾಬೈಟ್ ಯಂತ್ರಗಳ ಉದಾಹರಣೆಯಿಂದ ಇದರ ವ್ಯಾವಹಾರಿಕ ಮಹತ್ತ್ವ ತಿಳಿಯುತ್ತದೆ. 8200 ಯಂತ್ರವು 8 ಮಿಲಿಮೀಟರ್ ಕ್ಯಾಸೆಟ್ಟಿನಲ್ಲಿ ಸುಮಾರು 2.3 ಗಿಗಾಬೈಟ್ ಬರೆಯುತ್ತಿತ್ತು. ಅನಂತರದ 8500 ಅದೇ ಕ್ಯಾಸೆಟ್ಟಿನಲ್ಲಿ ಸುಮಾರು 5 ಗಿಗಾಬೈಟ್ ಬರೆಯಬಲ್ಲದಾಗಿತ್ತು. ಹೊಸದು ಹಳೆಯದರ ಬರಹವನ್ನು ಓದಬಲ್ಲದು, ಹಳೆಯ ರೂಪದಲ್ಲಿ ಬರೆಯಲೂ ಬಲ್ಲದು. ಹಳೆಯದು ಹೊಸ ರೂಪವನ್ನು ಓದಲಾರದು. ಹೊಸ ಯಂತ್ರವಿರುವ ಸಂಸ್ಥೆಯೊಂದು ಹಳೆಯ ಯಂತ್ರವಿರುವ ಮತ್ತೊಂದಕ್ಕೆ ದತ್ತಾಂಶ ಕಳುಹಿಸುವಾಗ 14ರ ಸಂಕೇತ ಸೂಚಿಸುವ ಹೆಸರನ್ನು ಬಳಸಲೇಬೇಕು. ಅದನ್ನು ಮರೆತು ರೂಢಿಯ ಹೆಸರಿನಲ್ಲಿ ಬರೆದರೆ ಬರೆದವನ ಬಳಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತನ್ನ ಯಂತ್ರದಲ್ಲಿಯೇ ಮರಳಿ ಓದಿ ಪರೀಕ್ಷಿಸಿದರೂ ತಪ್ಪು ಹೊರಬೀಳುವುದಿಲ್ಲ. ಅದು ಬಯಲಾಗುವುದು ಕ್ಯಾಸೆಟ್ಟು ದೂರದ ಊರನ್ನು ತಲುಪಿದ ಮೇಲೆಯೇ.

6. ಚಾಲಕ ತಂತ್ರಾಂಶದ ವಿನ್ಯಾಸ

ಯಾವ ಅಕ್ಷರಕ್ಕೆ ಯಾವ ಸಂಕೇತವೆಂಬ ಹೊಂದಾಣಿಕೆ ಸೊಲಾರಿಸಿನಲ್ಲಿ ಎಸ್‌ಟಿ ಎಂಬ ಚಾಲಕದ ವಿನ್ಯಾಸ ಕಡತದಲ್ಲಿ ನಡೆಯುತ್ತದೆ. ಪ್ರಸಿದ್ಧ ಯಂತ್ರಗಳ ವಿವರ ಚಾಲಕದೊಳಗೇ ಅಡಕವಾಗಿರುತ್ತದೆ. ಇಲ್ಲದವುಗಳನ್ನು ನಿರ್ವಾಹಕನು ಸೇರಿಸಬೇಕು. ಪ್ರತಿ ನಮೂದಿನಲ್ಲಿ ಮೂರು ಭಾಗಗಳಿವೆ: ಯಂತ್ರವು ತನ್ನನ್ನು ತಾನು ಗುರುತಿಸಿಕೊಳ್ಳುವ ಹೆಸರು, ಮನುಷ್ಯರು ಓದಲು ಒಂದು ಹೆಸರು, ಗುಣಲಕ್ಷಣಗಳ ಸಾಲಿನ ಹೆಸರು. ಗುಣಲಕ್ಷಣಗಳ ಸಾಲಿನಲ್ಲಿ ಆವೃತ್ತಿ, ಯಂತ್ರದ ಬಗೆ, ಬ್ಲಾಕಿನ ಗಾತ್ರ, ಆಯ್ಕೆಗಳು, ಸಾಂದ್ರತೆಗಳ ಸಂಖ್ಯೆ, ಒಂದೊಂದು ಸಾಂದ್ರತೆಯ ಸಂಕೇತ, ಕೊನೆಗೆ ರೂಢಿಯ ಸಾಂದ್ರತೆಯ ಕ್ರಮಾಂಕ ಇವು ಅನುಕ್ರಮವಾಗಿ ಬರುತ್ತವೆ. ಬ್ಲಾಕಿನ ಗಾತ್ರ ಸೊನ್ನೆಯೆಂದಿದ್ದರೆ ಅದು ಬದಲಾಗಬಲ್ಲದೆಂದು ಅರ್ಥ.

ಈ ನಮೂದಿನಲ್ಲಿ ಮೂರು ಬಗೆಯ ತಪ್ಪುಗಳು ಪದೇ ಪದೇ ಕಂಡುಬರುತ್ತವೆ. ಮೊದಲನೆಯದು ಹೆಸರಿನದು. ತಯಾರಕನ ಹೆಸರಿಗೆ ಎಂಟು ಅಕ್ಷರಗಳ ಸ್ಥಾನ ಮೀಸಲಾಗಿದ್ದು, ಹೆಸರು ಚಿಕ್ಕದಾದರೆ ಉಳಿದುದನ್ನು ಖಾಲಿ ಜಾಗದಿಂದ ತುಂಬಬೇಕು. ಎಕ್ಸಾಬೈಟ್ ಎಂಬುದಕ್ಕೆ ರೋಮನ್ ಲಿಪಿಯಲ್ಲಿ ಏಳು ಅಕ್ಷರ. ಒಂದು ಖಾಲಿ ಸಾಕು. ಎಚ್‌ಪಿ ಎಂಬುದಕ್ಕೆ ಎರಡೇ ಅಕ್ಷರ; ಆರು ಖಾಲಿ ಬೇಕು. ಒಂದು ಖಾಲಿ ಕಡಿಮೆಯಾದರೂ ಚಾಲಕವು ಯಂತ್ರವನ್ನು ಗುರುತಿಸದೆ ಸಾಮಾನ್ಯ ನಡವಳಿಕೆಗೆ ಇಳಿಯುತ್ತದೆ. ಎರಡನೆಯದು ಕ್ರಮಾಂಕದ ತಪ್ಪು. ರೂಢಿಯ ಸಾಂದ್ರತೆಯನ್ನು ಸೊನ್ನೆಯಿಂದ ಎಣಿಸಬೇಕು. ನಾಲ್ಕು ಸಾಂದ್ರತೆಗಳಿದ್ದರೆ ಕೊನೆಯದು 3. ಮೂರನೆಯದು, ಕಡತವನ್ನು ತಿದ್ದಿದ ಮಾತ್ರಕ್ಕೆ ಬದಲಾವಣೆ ಜಾರಿಗೆ ಬಂದಿತೆಂದು ಭಾವಿಸುವುದು. ಚಾಲಕವನ್ನು ಮತ್ತೆ ಲೋಡ್ ಮಾಡುವವರೆಗೆ ಅಥವಾ ಗಣಕವನ್ನು ಮರುಪ್ರಾರಂಭಿಸುವವರೆಗೆ ಹಳೆಯ ವಿನ್ಯಾಸವೇ ಮುಂದುವರಿಯುತ್ತದೆ.

ಲಿನಕ್ಸ್ ಇದೇ ಸಮಸ್ಯೆಯನ್ನು ಸ್ವಲ್ಪ ಭಿನ್ನವಾಗಿ ಬಗೆಹರಿಸಿತು. ಅಲ್ಲಿ ಪ್ರತಿ ಯಂತ್ರಕ್ಕೂ ನಾಲ್ಕು ವಿಧಾನಗಳಿವೆ. ಎಸ್‌ಟಿ0 ಎಂಬ ಹೆಸರು ಮೊದಲನೆಯ ವಿಧಾನಕ್ಕೆ; ಅದರ ಮುಂದೆ ಎಲ್, ಎಂ, ಎ ಅಕ್ಷರಗಳು ಸೇರಿ ಉಳಿದ ಮೂರಾಗುತ್ತವೆ; ಎನ್ ಅಕ್ಷರ ಮೊದಲಲ್ಲಿ ಬಂದರೆ ಹಿಂದಕ್ಕೆ ಸುತ್ತದ ರೂಪ. ಸೊಲಾರಿಸಿನಿಂದ ಬಂದವರು ಇಲ್ಲಿಯೂ ಎಲ್ ಎಂದರೆ ಕಡಿಮೆ ಸಾಂದ್ರತೆಯೆಂದೇ ಭಾವಿಸುವುದುಂಟು. ವಾಸ್ತವವಾಗಿ ಈ ಅಕ್ಷರಗಳಿಗೆ ಸ್ವಂತ ಅರ್ಥವಿಲ್ಲ. ಎಸ್‌ಟಿಇನಿಟ್ ಎಂಬ ಆದೇಶವು ಇಟಿಸಿ ಕೋಶದ ವಿನ್ಯಾಸ ಕಡತವನ್ನು ಓದಿ ಪ್ರತಿ ವಿಧಾನಕ್ಕೂ ಸಾಂದ್ರತೆಯ ಸಂಕೇತ, ಬ್ಲಾಕಿನ ಗಾತ್ರ, ಸಂಕೋಚನ ಇವುಗಳನ್ನು ಗೊತ್ತುಪಡಿಸಿದ ಮೇಲೆಯೇ ಅವುಗಳಿಗೆ ಅರ್ಥ ಬರುತ್ತದೆ. ಒಂದು ಸಲದ ಕೆಲಸಕ್ಕಾದರೆ ಎಂಟಿ ಆದೇಶದಿಂದಲೇ ಸಂಕೇತವನ್ನು ನೇರವಾಗಿ ಕಳುಹಿಸಬಹುದು. ಅದರ ಸ್ಥಿತಿವಿಚಾರಣೆಯ ರೂಪದಿಂದ ಸದ್ಯದ ಸಂಕೇತ ಯಾವುದೆಂದೂ ತಿಳಿಯಬಹುದು.

ಇಷ್ಟೆಲ್ಲ ಮಾಡಿದರೂ ಕೊನೆಯ ಮಾತು ಯಂತ್ರದ್ದೇ. ಡಿಡಿಎಸ್ ಯಂತ್ರಗಳು ಕ್ಯಾಸೆಟ್ಟಿನ ಬಗೆ ನೋಡಿ ರೂಪವನ್ನು ತಾವೇ ನಿರ್ಧರಿಸುವುದು ಸಾಮಾನ್ಯ. ಡಿಎಲ್‌ಟಿ ಯಂತ್ರಗಳ ಮುಂಭಾಗದಲ್ಲಿ ಸಾಂದ್ರತೆಯನ್ನು ಆರಿಸುವ ಗುಂಡಿಯೊಂದಿದ್ದು, ಅದನ್ನು ಒತ್ತಿದರೆ ಗಣಕದ ಆಯ್ಕೆ ಬದಿಗೆ ಸರಿಯುತ್ತಿತ್ತು. ತಂತ್ರಾಂಶದಲ್ಲಿ ಗಂಟೆಗಟ್ಟಲೆ ದೋಷ ಹುಡುಕುವ ಮುನ್ನ ಯಂತ್ರದ ಮುಖವನ್ನೊಮ್ಮೆ ನೋಡುವುದು ಲೇಸು.

7. ಡಂಪ್ ಆದೇಶದ ಊಹೆ

ಸಾಂದ್ರತೆ ಎಂಬ ಪದವು ಯುನಿಕ್ಸಿನಲ್ಲಿ ಎರಡು ಕಡೆ ಎರಡು ಅರ್ಥದಲ್ಲಿ ಬರುತ್ತದೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಇಡೀ ಕಡತವ್ಯವಸ್ಥೆಯನ್ನು ಟೇಪಿಗೆ ನಕಲಿಸುವ ಡಂಪ್ ಆದೇಶಕ್ಕೂ ಸಾಂದ್ರತೆಯನ್ನು ಹೇಳಬಹುದು. ಬಿಎಸ್‌ಡಿಯಲ್ಲಿ ಅದರ ರೂಢಿಯ ಬೆಲೆ 1600, ಟೇಪಿನ ಉದ್ದದ ರೂಢಿಯ ಬೆಲೆ 2300 ಅಡಿ. ಸುರುಳಿಯ ಕೊನೆಯ ಭಾಗವನ್ನು ಮುಟ್ಟದಿರಲೆಂದು 100 ಅಡಿ ಕಡಿತ. ಆದರೆ ಡಂಪ್ ಈ ಬೆಲೆಗಳನ್ನು ಯಂತ್ರಕ್ಕೆ ತಿಳಿಸುವುದೇ ಇಲ್ಲ. ಟೇಪು ಯಾವಾಗ ಮುಗಿಯಬಹುದೆಂದು ಲೆಕ್ಕ ಹಾಕಲು ಮಾತ್ರ ಬಳಸಿಕೊಳ್ಳುತ್ತದೆ. ಡಂಪ್‌ಗೆ 6250 ಎಂದು ಹೇಳಿ 1600ರ ಹೆಸರಿನ ಕಡತಕ್ಕೆ ಬರೆದರೆ ಟೇಪಿನ ಮೇಲೆ ಆಗುವುದು 1600ರ ಬರಹವೇ. ಲೆಕ್ಕ ಮಾತ್ರ ಹಾದಿ ತಪ್ಪಿ, ಇನ್ನೂ ಜಾಗವಿದೆಯೆಂದು ಡಂಪ್ ಭಾವಿಸಿರುವಾಗಲೇ ಟೇಪು ಮುಗಿದುಹೋಗುತ್ತದೆ. ತದ್ವಿರುದ್ಧವಾದರೆ ಅರ್ಧ ಖಾಲಿಯಿರುವಾಗಲೇ ಹೊಸ ಸುರುಳಿಯನ್ನು ಬೇಡುತ್ತದೆ.

8 ಮಿಲಿಮೀಟರ್ ಟೇಪು ಬಂದಾಗ ಈ ಲೆಕ್ಕವು ಕಲ್ಪನೆಯ ಮಟ್ಟಕ್ಕೆ ಹೋಯಿತು. ಸನ್ ಯಂತ್ರಗಳಲ್ಲಿ ಅದಕ್ಕೆ 54000 ಸಾಂದ್ರತೆ, 6000 ಅಡಿ ಉದ್ದ ಎಂದು ಹೇಳುವ ರೂಢಿಯಿತ್ತು. ಕ್ಯಾಸೆಟ್ಟಿನಲ್ಲಿದ್ದುದು 112 ಮೀಟರ್, ಎಂದರೆ ಸುಮಾರು 367 ಅಡಿ. ಓರೆಯಾಗಿ ತಿರುಗುವ ಹೆಡ್ಡಿನಿಂದ ಬರೆಯುವ ಈ ಟೇಪಿನಲ್ಲಿ ಉದ್ದವನ್ನು ಸಾಂದ್ರತೆಯಿಂದ ಗುಣಿಸುವ ಹಳೆಯ ಸೂತ್ರ ನಡೆಯದು. ನೇರ ಪಥದ ಸುರುಳಿಗಾಗಿ ಹುಟ್ಟಿದ ಸೂತ್ರದಿಂದ ಬಳಸಬಹುದಾದ ಉತ್ತರ ಹೊರಡಲೆಂದು ಇಲ್ಲದ ಉದ್ದವನ್ನು ಹೇಳಲಾಯಿತು. ಟೇಪಿನ ಅಂತ್ಯವನ್ನು ಯಂತ್ರವೇ ತಿಳಿಸುವ ಕ್ರಮ ಬಂದ ಮೇಲೆ ಈ ಊಹೆಯ ಅಗತ್ಯ ಬಹುಮಟ್ಟಿಗೆ ತಪ್ಪಿತು.

8. ಇಂದಿನ ಸ್ಥಿತಿ

2000ದಲ್ಲಿ 100 ಗಿಗಾಬೈಟ್ ಸಾಮರ್ಥ್ಯದೊಡನೆ ಆರಂಭವಾದ ಎಲ್‌ಟಿಓ ಟೇಪು 2021ರಲ್ಲಿ ಬಂದ ಒಂಬತ್ತನೆಯ ಪೀಳಿಗೆಯಲ್ಲಿ 18 ಟೆರಾಬೈಟ್ ಮುಟ್ಟಿತು. ಇಲ್ಲಿ ಕಾರ್ಟ್ರಿಜ್ಜಿನೊಳಗೆ ಸ್ಮೃತಿಚಿಪ್ ಒಂದಿದ್ದು, ಯಂತ್ರವು ಅದನ್ನು ಓದಿ ಬರಹದ ರೂಪವನ್ನು ತಿಳಿಯುತ್ತದೆ. ಸಾಂದ್ರತೆಯ ಸಂಕೇತವು ಇನ್ನೂ ಇದೆ. ಮೊದಲ ಪೀಳಿಗೆಗೆ 40, ಎರಡನೆಯದಕ್ಕೆ 42, ಐದನೆಯದಕ್ಕೆ 58. ಆದರೆ ಅದು ಆಯ್ಕೆಯಾಗಿ ಉಳಿಯದೆ ಬಹುಮಟ್ಟಿಗೆ ವರದಿಯಾಗಿದೆ.

ಆದಾಗ್ಯೂ ಹಳೆಯ ಪ್ರಶ್ನೆ ಪೂರ್ತಿ ಅಳಿದಿಲ್ಲ. 2017ರಲ್ಲಿ ಬಂದ ಎಂಟನೆಯ ಪೀಳಿಗೆಯ ಯಂತ್ರವು ಏಳನೆಯ ಪೀಳಿಗೆಯ ಹೊಸ ಕಾರ್ಟ್ರಿಜ್ಜನ್ನು 6 ಟೆರಾಬೈಟಿಗೆ ಬದಲಾಗಿ 9 ಟೆರಾಬೈಟಿಗೆ ಸಿದ್ಧಪಡಿಸಬಲ್ಲದು. ಎಂ8 ಎಂದು ಹೆಸರಾದ ಈ ರೂಪಕ್ಕೆ ಒಮ್ಮೆ ಇಳಿಸಿದ ಕಾರ್ಟ್ರಿಜ್ಜನ್ನು ಮರಳಿ ಏಳನೆಯ ಪೀಳಿಗೆಯ ರೂಪಕ್ಕೆ ತರಲಾಗದು. ಏಳನೆಯ ಪೀಳಿಗೆಯ ಯಂತ್ರವೂ ಒಂಬತ್ತನೆಯದೂ ಅದನ್ನು ಓದಲಾರವು. ಹೆಚ್ಚುವರಿಯಾಗಿ ದೊರೆತ 3 ಟೆರಾಬೈಟಿಗೆ ಪ್ರತಿಯಾಗಿ ಆ ದತ್ತಾಂಶವು ಒಂದೇ ಪೀಳಿಗೆಯ ಯಂತ್ರಕ್ಕೆ ಕಟ್ಟುಬೀಳುತ್ತದೆ. ಎಕ್ಸಾಬೈಟಿನ ಕಾಲದ ಪಾಠವೇ ಇಲ್ಲಿ ಬೇರೆ ಉಡುಪಿನಲ್ಲಿ ಮರಳಿದೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ವ್ಯಾವಹಾರಿಕ ನಿಯಮಗಳು ಹೊರಡುತ್ತವೆ. ಟೇಪನ್ನು ಓದುವವರ ಬಳಿ ಇರುವ ಯಂತ್ರ ಯಾವುದೆಂದು ಬರೆಯುವ ಮುನ್ನವೇ ತಿಳಿದುಕೊಳ್ಳಬೇಕು. ಇಬ್ಬರೂ ಓದಬಲ್ಲ ಸಾಂದ್ರತೆಯನ್ನೇ ಆರಿಸಬೇಕು, ತನ್ನಲ್ಲಿರುವ ಅತಿ ಹೆಚ್ಚಿನದನ್ನಲ್ಲ. ಆಯ್ಕೆಯನ್ನು ಟೇಪಿನ ತಲೆಯಲ್ಲಿಯೇ ಜಾರಿಗೊಳಿಸಬೇಕು. ಸ್ವಲ್ಪ ದತ್ತಾಂಶವನ್ನು ಬರೆದು, ಸ್ಥಿತಿವಿಚಾರಣೆಯಿಂದ ಸಂಕೇತವನ್ನು ಖಚಿತಪಡಿಸಿಕೊಂಡು, ಸಾಧ್ಯವಾದರೆ ಬೇರೊಂದು ಯಂತ್ರದಲ್ಲಿ ಓದಿ ನೋಡಬೇಕು. ಬರೆದ ಯಂತ್ರದಲ್ಲಿಯೇ ಓದಿ ನೋಡುವುದು ಅರ್ಧ ಪರೀಕ್ಷೆಯಷ್ಟೇ. ಹಳೆಯ ಟೇಪನ್ನು ಓದಲು ಕೈಗೆತ್ತಿಕೊಂಡಾಗ, ಮೊದಲು ಬರಹತಡೆಯನ್ನು ಹಾಕಿ ಅನಂತರವೇ ಯಂತ್ರಕ್ಕೆ ಏರಿಸಬೇಕು. ಟೇಪಿನ ತಲೆಯಲ್ಲಿ ಆಗುವ ಒಂದು ತಪ್ಪು ಬರಹ ಇಡೀ ಸುರುಳಿಯ ಗುರುತನ್ನೇ ಅಳಿಸಬಲ್ಲದು.

ಎಲ್ಲಕ್ಕಿಂತ ಮಿಗಿಲಾಗಿ, ಚೀಟಿಯ ಮೇಲೆ ದಿನಾಂಕದೊಡನೆ ಸಾಂದ್ರತೆ, ಬ್ಲಾಕಿನ ಗಾತ್ರ, ಬಳಸಿದ ಆದೇಶ, ಸಂಕೋಚನ ಇದೆಯೇ ಇಲ್ಲವೇ ಎಂಬ ನಾಲ್ಕು ಸಂಗತಿಗಳನ್ನು ಬರೆದಿಡಬೇಕು. ಯೂಟಾದ ಸುರುಳಿಯು ಕೈಪಿಡಿಯನ್ನು ನೋಡಿರೆಂದು ಹೇಳಿತು. ಆ ಕೈಪಿಡಿ ಉಳಿದಿತ್ತು, ಅದನ್ನು ಓದಬಲ್ಲವರೂ ಇದ್ದರು. ಕಚೇರಿ, ವಿಶ್ವವಿದ್ಯಾಲಯ, ಸಂಶೋಧನಾಲಯಗಳ ಕಪಾಟುಗಳಲ್ಲಿ ಮಲಗಿರುವ ಎಲ್ಲ ಸುರುಳಿಗಳಿಗೂ ಅಂಥ ಕೈಪಿಡಿ ಜೊತೆಯಾಗಿರುತ್ತದೆಂದು ಹೇಳಲಾಗದು. ಹಸ್ತಪ್ರತಿಯ ಕೊನೆಯಲ್ಲಿ ತನ್ನ ಹೆಸರು, ಕಾಲ, ಸ್ಥಳಗಳನ್ನು ನಮೂದಿಸಿ ಕಟ್ಟು ಬಿಗಿಯುತ್ತಿದ್ದ ಲಿಪಿಕಾರನ ಪರಿಪಾಟಿ ಟೇಪಿನ ಕಾಲಕ್ಕೂ ಸಲ್ಲುತ್ತದೆ. ಬರೆದುದರ ಜೊತೆಗೆ ಓದುವ ಬಗೆಯನ್ನೂ ಬರೆದಿಟ್ಟಾಗಲೇ ದಾಖಲೆಯು ಪೂರ್ಣವಾಗುತ್ತದೆ.